ಜಡೆ ಇರುವಾಗಲೇ

ಸರೋಜಿನಿ ನಗರ, ನವದೆಹಲಿ
೨೪ ಫೆಬ್ರವರಿ ೨೦೦೫

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮುದ್ದು ಮಯೂರಿಗೆ ಅಮ್ಮನ ಆಶೀರ್ವಾದಗಳು.

ನೋಯ್ಡಾಕ್ಕೂ ನಮ್ಮ ಕ್ವಾರ್ಟರ್ಸಿಗೂ ನಡುವೆ ಒಂದು ಯಮುನೆ, ಅಷ್ಟೇ. ಇಷ್ಟು ಹತ್ತಿರಕ್ಕೆ ಕಾಗದ ಬರೆಯುತ್ತಾಳಲ್ಲ ಈ ಹೆಂಗಸು ಎಂದು ನಗಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅಪ್ಪ ಎತ್ತಿದರಂತೂ ಇಟ್ಟೇ ಬಿಡುತ್ತೀಯ. ಅವರು ಸ್ವಲ್ಪ ಹೊತ್ತು ರಿಸೀವರ್ ಹಿಡಿದುಕೊಂಡೇ ನಿಂತಿದ್ದು, ಆಮೇಲೆ ಲೈನು ಸರಿಯಿಲ್ಲ ಕಣೇ ಎಂದು ನನಗೆ ಹೇಳುತ್ತಾರೆ. ನಾನೂ ಹೌದು ಎನ್ನುತ್ತೇನೆ. ಓದಲು ತೊಡಕಾದರೆ ಗಟ್ಟಿಯಾಗಿ ಓದಿಕೋ. ಕನ್ನಡ ನಿನ್ನ ಕಣ್ಣಿಗಿಂತ ಕಿವಿಗೆ ಚೆನ್ನಾಗಿ ಗೊತ್ತು.

ಅವತ್ತು ಆಸ್ಪತ್ರೆಯಲ್ಲಿ ನಡೆದದ್ದರ ಬಗ್ಗೆಯೇ ಬರೆಯಬೇಕು. ಡಾಕ್ಟರು, ದೀಪಾವಳಿ ಕಳೆದ ತಕ್ಷಣ ಔಷಧ ಶುರು ಮಾಡಿ ಎಂದು ಹೇಳಿದ್ದೆನಲ್ಲ, ಈಗ ಎದೆಯ ಗಂಟು ಲಿವರಿನವರೆಗೂ ಹೋಗಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ನಿಮ್ಮಪ್ಪ, ದೋಣಿಯಲ್ಲಿ ಪ್ರವಾಸ ಹೋಗಿದ್ದೆವು ಎಂದುಬಿಟ್ಟರು. ಗಾಬರಿಯಾದರೆ ಆ ಮನುಷ್ಯನ ಬಾಯಲ್ಲಿ ನಿಜ ಬಿಟ್ಟು ಬೇರೇನೂ ಬರುವುದಿಲ್ಲ. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡುವ ಹಾಗೆ, ಆಪ್‌ನೇ ಮಾರ್ ಡಾಲಾ ಮಮ್ಮಾ ಕೋ ಎಂದು ಕಿರುಚಿ, ಆಟೋ ಹತ್ತಿ ಹೋದೆ. ನನಗೆ ಕಾಯಿಲೆಯ ಸುದ್ದಿಗಿಂತ, ಅಪ್ಪನೇ ಅಮ್ಮನನ್ನು ಕೊಂದರು ಎಂಬ ಆ ಮಾತೇ ಹೊಟ್ಟೆಗೆ ಬೆಂಕಿ ಇಟ್ಟಿತು. ಅಪ್ಪ ಮನೆಗೆ ಬಂದು ಬೂಟೂ ಬಿಚ್ಚದೆ ಕತ್ತಲಾಗುವವರೆಗೆ ಕುರ್ಚಿಯಲ್ಲೇ ಕೂತಿದ್ದರು. ಕಾಫಿ ಕೊಟ್ಟರೆ ಮುಟ್ಟದೆ ಆರಲು ಬಿಟ್ಟರು.

ಈಗ ಕೇಳು. ತಡ ಮಾಡಿದವಳು ನಾನು, ಅಪ್ಪ ಅಲ್ಲ. ಆ ಪ್ರವಾಸ ಬೇಕೆಂದು ಹಟ ಹಿಡಿದವಳೂ ನಾನೇ.

ಮೇಲಿನ ಮನೆಯ ಅನಂತರಾಮ ಅವರು ಹೆಂಡತಿಯ ಜೊತೆ ಹೋದ ಚಳಿಗಾಲದಲ್ಲಿ ಪ್ರಯಾಗಕ್ಕೆ ಹೋಗಿ ವೇಣೀದಾನ ಮಾಡಿ, ಅಲ್ಲಿಂದ ಕಾಶಿಯವರೆಗೂ ದೋಣಿಯಲ್ಲೇ ಹೋಗಿದ್ದರಲ್ಲ, ಆ ಫೋಟೊಗಳನ್ನು ನೀನೂ ನೋಡಿದ್ದೀಯ. ವೇಣೀದಾನ ಎಂದರೆ ನಿನಗೆ ಗೊತ್ತಿರಲಿಕ್ಕಿಲ್ಲ. ಸಂಗಮದಲ್ಲಿ ಗಂಡನಾದವನು ಹೆಂಡತಿಯ ತಲೆ ಬಾಚಿ, ಜಡೆ ಹೆಣೆದು, ಅದರ ತುದಿ ಕತ್ತರಿಸಿ ಗಂಗೆಗೆ ಬಿಡಬೇಕು. ಮುತ್ತೈದೆಗೆ ಇದ್ದ ಕಂಟಕ ಅದರ ಜೊತೆ ಮುಳುಗುತ್ತದೆ ಎನ್ನುತ್ತಾರೆ. ಆ ಔಷಧ ತೆಗೆದುಕೊಂಡರೆ ತಲೆಯಲ್ಲಿ ಒಂದು ಕೂದಲೂ ಉಳಿಯುವುದಿಲ್ಲ ಎಂದು ನರ್ಸ್ ಹೇಳಿದ್ದಳು. ಹಾಗಾಗಿ ಜಡೆ ಇರುವಾಗಲೇ ದಾನ ಆಗಿಬಿಡಲಿ, ಔಷಧ ಆಮೇಲೆ, ಎಂದಾಯಿತು. ಹೊರಡೋಣ ಎಂದರೆ ಧನುರ್ಮಾಸ ಬಂತು. ಧನುರ್ಮಾಸದಲ್ಲಿ ಇಂಥದ್ದು ಮಾಡಬಾರದು, ಸಂಕ್ರಾಂತಿ ಕಳೆಯಲಿ, ಎಂದಾಯಿತು. ಅಪ್ಪ ಆಫೀಸಿನಿಂದ ಬಂದು ರೈಲಿನ ಟಿಕೆಟ್ ತೋರಿಸಿದಾಗ, ಡಾಕ್ಟರು ಬೇಗ ಅಂದಿದ್ದರಲ್ಲ ಎಂದು ನಾನು ಕೇಳಿದೆ. ಅಲ್ಲ, ಅವರು ಕೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಔಷಧ ತಲೆಗೆ ಮಂಕು ಹಿಡಿಸಿದೆ, ಏನೋ ಬರೆಯಲು ಹೋಗಿ ಏನೋ ಬರೆಯುತ್ತೇನೆ.

ಪುರಾನಾ ಕಿಲಾದ ಕೆರೆಯಲ್ಲಿ ಪೆಡಲ್ ಬೋಟ್ ಕೂಡ ಹತ್ತದೆ, ನಿಮ್ಮಿಬ್ಬರ ಚಪ್ಪಲಿ ಕಾಯುತ್ತ ದಡದಲ್ಲಿ ನಿಲ್ಲುತ್ತಿದ್ದ ಅಮ್ಮ ಗಂಗೆಯ ಮೇಲೆ ಅಷ್ಟು ದಿನ ಹೋಗಲು ಹಟ ಮಾಡಿದಳೇ ಎಂದು ಕೇಳಬೇಡ. ಮನುಷ್ಯರ ಆಸೆ ಬದಲಾಗುತ್ತದೆ.

ಪ್ರವಾಸದಲ್ಲಿ ನಾನು ಸುಖವಾಗಿದ್ದೆ, ಅದನ್ನು ಮಾತ್ರ ನಂಬು. ರೈಲು ಮಂಜಿನಲ್ಲಿ ನಿಂತು ನಿಂತು ಹೋಯಿತು. ನಿಮ್ಮಪ್ಪ ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು ಸುತ್ತಿಕೊಂಡು ಕಣ್ಣು ಮಾತ್ರ ತೋರಿಸುತ್ತ ಕೂತಿದ್ದರು. ಸಂಗಮದಲ್ಲಿ ಬಿಳಿ ಹಕ್ಕಿಗಳ ಹಿಂಡು. ಜನ ಸೇವ್ ಎಸೆದರೆ ಕಿರುಚಾಡಿ ಮುತ್ತಿಕೊಳ್ಳುತ್ತವೆ. ಪುರೋಹಿತರು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ, ಪತ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ ಸ್ವಾಮಿ, ಶರಮ್ ಯಾಕೆ ಎಂದರು. ಅಯ್ಯೋ, ನಿಮ್ಮಪ್ಪನ ಮುಖ ನೋಡಬೇಕಿತ್ತು! ಮದುವೆಮನೆಯಲ್ಲೂ ಅವರು ಅಷ್ಟು ಕೆಂಪಗಾಗಿರಲಿಲ್ಲ. ಪೈಜಾಮದ ಲಾಡಿಗಳನ್ನು ಕಿಟಕಿಯ ಸರಳಿಗೆ ಕಟ್ಟಿ ಜಡೆ ಹೆಣೆಯುವುದನ್ನು ಕದ್ದು ಕದ್ದು ಕಲಿತಿದ್ದರಂತೆ. ಆದರೂ ಜಡೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೆಣೆದರು. ಹಿಂದಿನ ಸಾಲಿನಲ್ಲಿದ್ದ ಜೋಡಿ ಗೊಣಗಿದರೂ ಬಿಡಲಿಲ್ಲ. ನನ್ನ ತಾಯಿಯೂ ಅಷ್ಟು ಮೆತ್ತಗೆ ನನ್ನ ತಲೆ ಬಾಚಿರಲಿಲ್ಲ ಕಣೇ.

ತುದಿ ಕತ್ತರಿಸಿ ಅರಿಸಿನ ಕುಂಕುಮದ ಜೊತೆ ನೀರಿಗೆ ಬಿಟ್ಟೆವು. ಮುಳುಗಿತು. ಅಪ್ಪ ಕೈಮುಗಿದು ಗಳಗಳ ಅತ್ತುಬಿಟ್ಟರು. ಹೋಯಿತು ಕಣೇ ಎಲ್ಲ, ಇನ್ನು ನಿನಗೆ ಏನೂ ಆಗುವುದಿಲ್ಲ, ಎಂದು ಪುರೋಹಿತರ ಎದುರಿಗೇ ನನ್ನ ಕೈ ಹಿಡಿದುಕೊಂಡರು. ನಾನೂ ಒಂದು ಗಳಿಗೆ ನಂಬಿದೆ. ಬದುಕುವ ಆಸೆ ಯಾರಿಗಿರುವುದಿಲ್ಲ ಮಯೂರಿ?

ಅಲ್ಲಿಂದ ದೋಣಿ. ಟಾರ್ಪಾಲಿನ ಚಾವಣಿ, ಕೆಳಗೆ ಹಾಸಿಗೆ, ಮೂಲೆಯಲ್ಲಿ ಸೀಮೆಎಣ್ಣೆ ಸ್ಟವ್. ಮೊದಲೆರಡು ದಿನ ಒಳ್ಳೆ ಬಿಸಿಲಿತ್ತು. ಅಪ್ಪ ಉಪ್ಪಿಟ್ಟು ಕೆದಕಿ ಅಂಬಿಗರಿಗೂ ಬಡಿಸಿದರು. ನಮ್ಕೀನ್ ಹಲ್ವಾ, ಉಪ್ಪಿನ ಹಲ್ವಾ, ಎಂದು ಅಂಬಿಗರು ಅದಕ್ಕೆ ಹೆಸರಿಟ್ಟರು. ಆಮೇಲೆ ಮಂಜು ಕವಿಯಿತು. ಎರಡು ದಡವೂ ಕಾಣದು. ಹುಟ್ಟು ಹಾಕುವ ಸದ್ದು ಬಿಟ್ಟರೆ ಏನೂ ಕೇಳದು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯದೆ ನಾನು ಹಲಗೆ ಬಿಗಿಹಿಡಿದು ಕೂತೆ. ಕಂಕುಳಿನ ಕೆಳಗೆ ನೋವು ಆಗಲೇ ಕಿತ್ತು ತಿನ್ನುತ್ತಿತ್ತು. ಅಪ್ಪ ಕೇಳಿದರೆ ಚಳಿ ಎಂದೆ. ತಮ್ಮ ಸ್ವೆಟರನ್ನೂ ಬಿಚ್ಚಿ ನನಗೇ ಹೊದಿಸಿದರು.

ಒಂದು ಕಡೆ ಮಂಜು ಸ್ವಲ್ಪ ಸರಿದಾಗ ದಡದಲ್ಲಿ ಚಿತೆ ಉರಿಯುತ್ತಿತ್ತು. ಕಟ್ಟಿಗೆ ಕಡಿಮೆ ಬಿದ್ದಿತ್ತೋ ಏನೋ, ಕೆಂಪು ಸೀರೆಯ ಅಂಚು ಇನ್ನೂ ಕಾಣುತ್ತಿತ್ತು. ನಿಮ್ಮಪ್ಪ ನನ್ನ ಗಲ್ಲ ಹಿಡಿದು ಆಚೆ ತಿರುಗಿಸಿ, ಅಗೋ ನೋಡು ಬಾತುಕೋಳಿ, ಎಷ್ಟೊಂದು ಬಾತುಕೋಳಿ ಎಂದರು. ಅಲ್ಲಿ ಒಂದೂ ಇರಲಿಲ್ಲ. ಚೆನ್ನಾಗಿವೆ ಎಂದೆ. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು, ಸಾವಿಗಲ್ಲ. ಈ ಮನುಷ್ಯ ನಾಳೆ ಒಬ್ಬರೇ ಯಾವ ಕಡೆ ಮುಖ ತಿರುಗಿಸುತ್ತಾರೆ ಎಂದು.

ಈಗ ಔಷಧ ಶುರುವಾಗಿದೆ. ವಾಸಿಯಾಗಲಿಕ್ಕಲ್ಲ, ನೋವು ತಡೆದು ಒಂದಿಷ್ಟು ದಿನ ತಳ್ಳುವುದಕ್ಕೆ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದಾರೆ. ಕೂದಲು ಹಿಡಿ ಹಿಡಿಯಾಗಿ ಬರುತ್ತಿದೆ. ನಾನು ಏಳುವ ಮೊದಲೇ ಅಪ್ಪ ದಿಂಬಿನ ಮೇಲಿನದ್ದನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ನನಗೆ ಎಚ್ಚರ ಇರುತ್ತದೆ. ಸುಮ್ಮನೆ ಮಲಗಿರುತ್ತೇನೆ.

ಈ ಭಾನುವಾರ ಬಾ ಪುಟ್ಟಿ. ನನ್ನನ್ನು ನೋಡಲು ಅಂತ ಬಂದು ಸೀದಾ ನನ್ನ ಕೋಣೆಗೆ ನುಗ್ಗಬೇಡ. ಮೊದಲು ಹಾಲ್‌ನಲ್ಲಿ ಅಪ್ಪನ ಪಕ್ಕ ಕೂತುಕೋ. ಜಗಳವನ್ನೇ ಆಡು, ಪರವಾಗಿಲ್ಲ, ಮಾತು ಅಂತ ಒಂದು ಆಡು. ನೀನು ಬೈದದ್ದಕ್ಕಲ್ಲ, ಬೈದು ಸುಮ್ಮನಾದದ್ದಕ್ಕೆ ಅವರು ಸೊರಗಿ ಹೋಗಿದ್ದಾರೆ. ತಪ್ಪು ನನ್ನದು ಎಂದು ಈಗ ಗೊತ್ತಾಯಿತಲ್ಲ, ಕೋಪವೆಲ್ಲ ನನ್ನ ಮೇಲೆ ಮಾಡಿಕೋ. ನಾನು ತಡೆದುಕೊಳ್ಳುತ್ತೇನೆ, ಅವರಿಂದ ಆಗುವುದಿಲ್ಲ.

ನಿಮ್ಮಿಬ್ಬರ ಮೇಲೂ ಒಂದೇ ಪ್ರಾಣ ಇಟ್ಟುಕೊಂಡಿರುವ,
ನಿನ್ನ ಅಮ್ಮ,
ಸುಮಿತ್ರಾ

ಮತ್ತೆ ಒಂದು ಮಾತು: ನೀನು ಬಂದರೆ ಅಪ್ಪ, ಹಟ ಮಾಡಿದವನು ನಾನೇ, ನಿಮ್ಮಮ್ಮ ಬೇಡ ಬೇಡ, ಮೊದಲು ಆಸ್ಪತ್ರೆಗೆ ಹೋಗೋಣ ಎಂದು ಕೈಮುಗಿದಿದ್ದಳು ಎಂದು ಹೇಳುತ್ತಾರೆ. ದಿನಾ ದೇವರ ಮುಂದೆ ಇದನ್ನೇ ಹೇಳಿಕೊಂಡು ಅಳುತ್ತಿದ್ದಾರೆ. ನೀನು ನಂಬಬೇಡ. ನಂಬಿಕೆ ಬಂದುಬಿಟ್ಟರೂ ಅವರ ಎದುರಿಗೆ ತೋರಿಸಬೇಡ, ಅಮ್ಮ ಬರೆದದ್ದೇ ನಿಜ ಎನ್ನು. ಈ ಬೇಸಿಗೆ ಕಳೆದ ಮೇಲೆ ಅವರಿಗೆ ಊಟ ಆಯಿತೇ ಎಂದು ಕೇಳಲು ನೀನೊಬ್ಬಳೇ ಇರುವುದು.