ಹಕ್ಕಿ ಓಡಾಡಿದ ಕೆಸರು

ಬಿಟಿಎಂ ಲೇಔಟ್, ಸೆಪ್ಟೆಂಬರ್ 2003

ತಂಗಿ ವಿಜಯಾ, ಮೊದಲು ನೀನೊಬ್ಬಳೇ ಓದು. ಅವ್ವನಿಗೆ ಅವಳ ಸಾಲನ್ನಷ್ಟೇ ಓದಿ ಹೇಳು. ನೀರಿನ ಹತ್ತಿರ ಹೋಗುವುದಿಲ್ಲವೆಂದು ಅವಳ ತಲೆ ಮುಟ್ಟಿ ಆಣೆ ಮಾಡಿ ಬಂದವಳು ನಾನು.

ನಿನ್ನೆ ಪಕ್ಕದ ಮನೆಯ ಶ್ಯಾಮಣ್ಣ ಅಂಕಲ್ ಹಕ್ಕಿ ತೋರಿಸಲು ಕೆರೆಗೆ ಕರೆದೊಯ್ದರು. ಮಳೆಯಿಲ್ಲದೆ ನೀರು ಹಿಂದೆ ಸರಿದು ಅಂಚೆಲ್ಲ ಕೆಸರು. ಅದರ ಮೇಲೆ ಮುಷ್ಟಿಯಷ್ಟಿದ್ದ ಗೊರವ ಹಕ್ಕಿಯೊಂದು ಬಾಲ ಕುಣಿಸುತ್ತ ಓಡಾಡುತ್ತಿತ್ತು. "ಹಿಮಾಲಯದ ಕಡೆಯಿಂದ ಬಂದಿದೆ ಕಣಮ್ಮ, ಈ ವರ್ಷ ಇದೇ ಮೊದಲ್ನೇದು" ಎಂದರು. ಹಕ್ಕಿ ಓಡಾಡುವ ನೆಲ ಗಟ್ಟಿಯಿರುತ್ತದೆಂದು ನಾನು ಇಳಿದೇಬಿಟ್ಟೆ. ಎರಡೇ ಹೆಜ್ಜೆಗೆ ಸೊಂಟದವರೆಗೆ ಹೂತುಹೋದೆ. ಒದ್ದಾಡಿದಷ್ಟೂ ಕೆಸರು ಕೆಳಗೆ ಎಳೆಯಿತು.

"ಅಲ್ಲಾಡ್ಬೇಡ! ಹಂಗೇ ನಿಂತ್ಕೋ!" ಅಂಕಲ್ ಕೂಗಿದರು. ಉಸಿರು ಬಿಗಿಹಿಡಿದು ನಿಂತೆ. ಹಾರಿಹೋಗಿದ್ದ ಹಕ್ಕಿ ಮರಳಿ ಬಂದು, ನನ್ನನ್ನು ಮರದ ಬೊಡ್ಡೆ ಅಂದುಕೊಂಡಿತೋ ಏನೋ, ಕೈಗೆಟಕುವಷ್ಟು ಹತ್ತಿರದಲ್ಲೇ ಹುಳ ಹೆಕ್ಕತೊಡಗಿತು. ಅದರ ಬಿಳಿ ಹುಬ್ಬು ಕೂಡ ಕಾಣುತ್ತಿತ್ತು. ಅದರ ಕಾಲಡಿ ಕೆಸರು ಕುಸಿಯಲೇ ಇಲ್ಲ. ಕಡೆಗೆ ವಾಕಿಂಗ್ ಬಂದಿದ್ದ ಆಂಟಿಯರು ದುಪಟ್ಟಾಗಳಿಗೆ ಗಂಟು ಹಾಕಿ ಎಸೆದು, ಎಲ್ಲ ಸೇರಿ ಎಳೆದರು. ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಹಿಮ್ಮಡಿಗೆ ಗಾಜು ಹೊಕ್ಕಿತ್ತು, ಟಿಟಿ ಇಂಜೆಕ್ಷನ್ ಆಯಿತು.

ಅವ್ವಾ, ನಾನು ಆರಾಮ ಇದ್ದೇನೆ. ಇಲ್ಲಿ ಹೊಸ ಹಕ್ಕಿ ಬಂದಿವೆ, ದೂರದಿಂದ ನೋಡಿದೆ.

ನಿನ್ನ ಅಕ್ಕ,
ಭಾಗ್ಯಜ್ಯೋತಿ

ಪೋಸ್ಟಿನ ಮರೆಪ್ಪ ಮಾಮಾ, ಕಾರ್ಡ ಕೊಡೂ ಮೊದಲ ನೀವು ಓದೇ ಓದತೀರಿ, ನನಗ ಗೊತ್ತೈತಿ. ಅವ್ವನ ಮುಂದ ಬಾಯಿ ಬಿಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೀನ್ರಿ.