ಆಲ್ಟ್, ಟ್ಯಾಬ್ ಮತ್ತು ನನ್ನ ಎಡಗೈ

ದೇರೆಬೈಲ್, ಮಂಗಳೂರು
15 ಸೆಪ್ಟೆಂಬರ್ 2024, ಆದಿತ್ಯವಾರ

ಪ್ರೀತಿಯ ಜಿತೇಶ್,

ಹೇಗಿದ್ದೀರಿ? ಬಹ್ರೇನಿನ ಸೆಕೆ ಸ್ವಲ್ಪವಾದರೂ ಇಳಿಯಿತೇ? ಸೊಂಟನೋವಿಗೆ ಅತ್ತೆ ಕೊಟ್ಟ ಎಣ್ಣೆ ಹಚ್ಚುತ್ತಿದ್ದೀರೋ, ಬಾಟಲಿ ಹಾಗೆಯೇ ಕಪಾಟಿನಲ್ಲಿ ಕುಳಿತಿದೆಯೋ? ದಿನಾ ಕೇಳುವುದು ನಾನಲ್ಲ, ಅವರು. ಅತ್ತೆ ಆರಾಮವಾಗಿದ್ದಾರೆ, ಗಂಜಿಗೆ ಒಣಮೀನಿನ ಚಟ್ನಿ ಇದ್ದರೆ ಅವರಿಗೆ ಬೇರೇನೂ ಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಕೈಯ ವಿಷಯ ಬಂದ ಕೂಡಲೇ ನೀವು "ಬಿಡು ಮಾರಾಯ್ತಿ" ಎನ್ನುತ್ತೀರಿ, ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಟೈಪ್ ಮಾಡಿ, ರಜೆಗೆ ಬಂದಿರುವ ನಿಮ್ಮ ರೂಮಿನ ಫಾಝಿಲ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಗದದ ನಡುವೆ ಯಾರೂ ಬಾಯಿ ಹಾಕುವ ಹಾಗಿಲ್ಲವಲ್ಲ.

ಕಂಕನಾಡಿಯಲ್ಲಿ ಬಸ್ಸಿಳಿಯುವಾಗ ಬಿದ್ದು ಬಲಗೈ ಮುರಿದದ್ದು, ಪ್ಲಾಸ್ಟರ್ ಬಿಚ್ಚಿದ್ದು ನಿಮಗೆ ಗೊತ್ತು. ಆಮೇಲಿನದ್ದು ಪೂರ್ತಿ ಗೊತ್ತಿಲ್ಲ. ಹೆಬ್ಬೆರಳು, ತೋರುಬೆರಳು ಇನ್ನೂ ಮಡಚುವುದಿಲ್ಲ. ಮೊದಲಿನ ಹಾಗೆ ಆಗುತ್ತದೋ ಇಲ್ಲವೋ ಎಂದು ಡಾಕ್ಟರಿಗೂ ಖಚಿತವಿಲ್ಲ. ಬಲ್ಮಠದ ಆಫೀಸಿಗೆ ವಾಪಸು ಹೋದ ದಿನ ಮೌಸ್ ಹಿಡಿಯಲು ನೋಡಿದೆ. ಅದು ಜಾರಿ ಮೇಜಿನ ತುದಿಗೆ ಹೋಯಿತು. ಎಡಗೈಗೆ ಕೊಟ್ಟರೆ ಬಾಣದ ಗುರುತು ಪರದೆಯ ಮೇಲೆ ಕುಡಿದವನ ಹಾಗೆ ಅಲೆಯಿತು. ನಮ್ಮದು ಟಿಕೆಟ್ ಮಾಡುವ ಕೆಲಸ. ಪರದೆಯ ಒಂದು ಕಿಟಕಿಯಲ್ಲಿ ವಿಮಾನದ ಸೀಟು, ಇನ್ನೊಂದರಲ್ಲಿ ಪಾಸ್‌ಪೋರ್ಟ್, ಮತ್ತೊಂದರಲ್ಲಿ ವೀಸಾ, ಮೇಲ್. ಒಂದರಿಂದ ಇನ್ನೊಂದಕ್ಕೆ ಹಾರದೆ ನಡೆಯುವುದಿಲ್ಲ. ನಮ್ಮ ಧಣಿ ಫಿಲಿಪ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ನೀವು ರಿಸೆಪ್ಶನ್‌ನಲ್ಲಿ ಕೂತ್ಕೊಳ್ಳಿ ಕುಶಲಾ, ಫೋನ್ ನೋಡಿದ್ರೆ ಸಾಕು. ಎಂತಕ್ಕೆ ಸುಮ್ಮನೆ ಕಷ್ಟ?" ಆ ಒಳ್ಳೆಯತನವೇ ನನಗೆ ಚುಚ್ಚಿತು. ಸ್ವಲ್ಪ ಸಮಯ ಕೊಡಿ ಎಂದೆ.

ಪಕ್ಕದ ಮೇಜಿನ ಗ್ಲ್ಯಾಡಿಸ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಂದು ನನ್ನ ಮೌಸಿನ ವಯರನ್ನೇ ಕಿತ್ತು ಡ್ರಾಯರಿಗೆ ಹಾಕಿದಳು. "ಇದು ಬೇಕೇ ಬೇಕೂಂತ ಯಾರು ಹೇಳಿದ್ದು?" ಎಂದಳು. ಎಡಗೈ ಹೆಬ್ಬೆರಳಿನಲ್ಲಿ ಕೀಬೋರ್ಡಿನ ಆಲ್ಟ್ ಒತ್ತಿ ಹಿಡಿದು ಟ್ಯಾಬ್ ತಟ್ಟಿದರೆ ಒಂದು ಕಿಟಕಿ ಹೋಗಿ ಇನ್ನೊಂದು ಬರುತ್ತದೆ. ಎರಡೂ ಕೀ ಎಡಗೈಯ ಬುಡದಲ್ಲೇ ಉಂಟು! ಇಷ್ಟು ವರ್ಷ ಕಣ್ಣೆದುರೇ ಇದ್ದವು, ನಾನು ನೋಡಿರಲಿಲ್ಲ. ಆದರೆ ಕಲಿಯುವುದು ಸುಲಭವಾಗಲಿಲ್ಲ. ತೆರೆದ ಕಿಟಕಿಗಳು ಹೆಚ್ಚಾದಂತೆ ಯಾವುದು ಎಲ್ಲಿದೆ ಎಂದು ತಲೆ ಕೆಡುತ್ತಿತ್ತು. ಒಮ್ಮೆ ಒಬ್ಬರ ಪಾಸ್‌ಪೋರ್ಟ್ ನಂಬರನ್ನು ಇನ್ನೊಬ್ಬರ ಟಿಕೆಟಿಗೆ ಹಾಕಿಬಿಟ್ಟೆ. ಗ್ಲ್ಯಾಡಿಸ್ ನೋಡಿದ್ದರಿಂದ ಬಚಾವಾದೆ. ಅವತ್ತು ಬಸ್ಸಿನಲ್ಲಿ ಅತ್ತುಕೊಂಡೇ ಮನೆಗೆ ಬಂದೆ. ಅತ್ತೆ ಚಾ ಕೊಟ್ಟು, ನನ್ನ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಒಂದೊಂದಾಗಿ ನೀವಿದರು. ಮರುದಿನ ಕೆಲಸವನ್ನೇ ಮೂರು ಪಾಲು ಮಾಡಿದೆ. ಕಂಪ್ಯೂಟರಿನಲ್ಲಿ ಬೇರೆ ಬೇರೆ ಡೆಸ್ಕ್‌ಟಾಪ್ ಇಟ್ಟುಕೊಳ್ಳಬಹುದಂತೆ, ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆ ಇದ್ದ ಹಾಗೆ. ಟಿಕೆಟಿಗೆ ಒಂದು, ಪಾಸ್‌ಪೋರ್ಟು ವೀಸಾಗಳಿಗೆ ಒಂದು, ಮೇಲಿಗೆ ಒಂದು. ಎಡಗೈಯಲ್ಲಿ ಕಂಟ್ರೋಲ್ ಮತ್ತು ವಿಂಡೋಸ್ ಕೀ ಹಿಡಿದು, ಬಲಗೈ ಕಿರುಬೆರಳಿನ ಬದಿಯಿಂದ ಬಾಣದ ಕೀ ಒತ್ತಿದರೆ ಪಕ್ಕದ ಕೋಣೆಗೆ ಹೋದಂತೆ. ಮಡಚದ ಕೈಗೂ ಒಂದು ಕೆಲಸ ಸಿಕ್ಕಿತು.

ಮೊನ್ನೆ ಮಂಗಳವಾರ ಸುಹರಾ ಎಂಬ ಹೆಂಗಸು ಓಡಿ ಬಂದರು. ಮಸ್ಕತ್‌ನಲ್ಲಿ ಬಸುರಿ ಮಗಳು ಆಸ್ಪತ್ರೆಯಲ್ಲಿ, ಮರುದಿನ ಬೆಳಿಗ್ಗೆ ಆಪರೇಷನ್. ಇಲ್ಲಿಂದ ಸಂಜೆಗೆ ನಾವೇ ಟಿಕೆಟ್ ಮಾಡಿಕೊಟ್ಟಿದ್ದ ವಿಮಾನ ರದ್ದಾಗಿದೆ ಎಂದು ಆಗಷ್ಟೇ ಮೆಸೇಜು ಬಂದಿತ್ತು. ಫಿಲಿಪ್ ಉಡುಪಿಗೆ ಹೋಗಿದ್ದರು, ಗ್ಲ್ಯಾಡಿಸ್ ರಜೆಯಲ್ಲಿದ್ದಳು. ಸುಹರಾ ನನ್ನ ಬಲಗೈಗೆ ಆಧಾರಕ್ಕೆಂದು ಕಟ್ಟಿದ ಪಟ್ಟಿ ನೋಡಿ, "ಬೇರೆ ಯಾರೂ ಇಲ್ವಾ ಮಗಳೇ?" ಎಂದರು.

"ನಾನಿದ್ದೇನೆ, ಕೂತ್ಕೊಳ್ಳಿ," ಎಂದೆ.

ಕಣ್ಣೂರಿನಿಂದ ರಾತ್ರಿ ವಿಮಾನದಲ್ಲಿ ಕೆಲವೇ ಸೀಟು ಉಳಿದಿದ್ದವು. ಒಂದನ್ನು ಹಿಡಿದೆ, ಹೆಸರು ತುಂಬುವಷ್ಟರಲ್ಲಿ ಹೋಯಿತು. ಮತ್ತೆ ಹಿಡಿದೆ. ಪಕ್ಕದ ಕೋಣೆಗೆ ಹಾರಿ ಪಾಸ್‌ಪೋರ್ಟ್ ನಂಬರು ತಂದೆ, ಒಂದೊಂದೇ ಅಂಕೆ ಓದಿ ಹೇಳಿ ಅವರಿಂದ ಹೌದು ಎನ್ನಿಸಿಕೊಂಡೆ, ವೀಸಾದ ದಿನಾಂಕ ನೋಡಿ ಬಂದೆ. ಈ ಸಲ ಸೀಟು ನಿಂತಿತು. ಪ್ರಿಂಟರಿನಿಂದ ಟಿಕೆಟ್ ಹೊರಬಂದಾಗ ಸುಹರಾ ಅದನ್ನು ತೆಗೆದುಕೊಳ್ಳಲಿಲ್ಲ, ಮೊದಲು ನನ್ನ ಬಲಗೈಯನ್ನು ಹಿಡಿದುಕೊಂಡರು. ಮರುದಿನ ಮಸ್ಕತ್‌ನಿಂದ ಫೋನಿನಲ್ಲಿ ಅವರ ದನಿ ಬಂತು. ಮಗಳನ್ನು ಥಿಯೇಟರಿಗೆ ಒಯ್ಯುವ ಮೊದಲೇ ತಲುಪಿದ್ದರಂತೆ. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಫಿಲಿಪ್ ಅದನ್ನು ಕೇಳಿಸಿಕೊಂಡರು. "ರಿಸೆಪ್ಶನ್‌ಗೆ ಬೇರೆ ಜನ ನೋಡ್ತೇನೆ," ಎಂದು ಹೇಳಿ ಒಳಗೆ ಹೋದರು.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಭಾರ ಎತ್ತಬೇಡಿ. ಅತ್ತೆಯ ಆಶೀರ್ವಾದ ಈ ಕಾಗದದ ಜೊತೆಗೇ ಉಂಟು. ಗ್ಲ್ಯಾಡಿಸ್ ನಿಮ್ಮನ್ನು ಕೇಳಿದ್ದಾಳೆ.

ನಿಮ್ಮ
ಕುಶಲಾ

ಮ.ವಿ.: ಫಾಝಿಲ್ ಬಂದು ಗೇಟಿನಲ್ಲಿ ನಿಂತಿದ್ದಾನೆ, ಇದನ್ನು ಎಡಗೈಯಲ್ಲಿ ಪೆನ್ನು ಹಿಡಿದು ಗೀಚುತ್ತಿದ್ದೇನೆ, ಹೇಗಾದರೂ ಓದಿಕೊಳ್ಳಿ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಅಲ್ಲಿಗೇ ಬಂದುಬಿಡು, ಟಿಕೆಟ್ ಕಳಿಸುತ್ತೇನೆ ಎಂದಿದ್ದಿರಿ. ಕಳಿಸಬೇಡಿ. ದೀಪಾವಳಿಗೆ ಬರುತ್ತೇನೆ, ಟಿಕೆಟ್ ನಾನೇ ಮಾಡಿಕೊಂಡಿದ್ದೇನೆ. ಹೋಗಿ ಬರುವ ಟಿಕೆಟ್.