ದೇವರ ಪಾಲಿನ ಕೋಳಿಗೆ ಔಷಧಿ

ಜೀಡಿಮೆಟ್ಲಾ, ಹೈದರಾಬಾದ್
ಮಂಗಳವಾರ, ೨೩ ಜುಲೈ ೨೦೨೪

ಹಿರಿಯಣ್ಣ ಹಂಪಯ್ಯನಿಗೆ ತಂಗಿ ಸುಗಲಮ್ಮ ಪಾದಕ್ಕೆ ಹಣೆ ಹಚ್ಚಿ ಬರೆಯುವುದು.

ಇವತ್ತು ನಮ್ಮೂರ ದೇವಿ ಗಾಳೆಮ್ಮನ ವಾರ, ನನಗೆ ಉಪವಾಸ. ಐದಕ್ಕೆ ನಲ್ಲಿ ನೀರು ಹಿಡಿದು, ಬಾಗಿಲ ಮುಂದಿನ ಎರಡು ಮೊಳದ ಜಾಗ ಸಾರಿಸಿ, ಮಗಳು ಭಾಗ್ಯಶ್ರೀಗೂ ಅವರಪ್ಪನಿಗೂ ರೊಟ್ಟಿ ಬಡಿದು ಬುತ್ತಿ ಕಟ್ಟಿ ಕಳಿಸಿ, ತಾಯಿಯ ಮುಂದೆ ದೀಪ ಹಚ್ಚಿ ಈಗ ಕುಳಿತಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಅತ್ತಿಗೆಯ ಸಕ್ಕರೆ ಇಳಿಯಿತೇ? ಚಹಾಕ್ಕೆ ಬೆಲ್ಲ ಹಾಕಿಕೊಂಡರೆ ಏನೂ ಆಗುವುದಿಲ್ಲ ಎಂದು ಯಾರೋ ಹೇಳಿದ್ದಾರಂತೆ, ಅದು ಸುಳ್ಳು, ಬಿಡಿಸು. ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಅರ್ಧ ಮಾತು ಕೇಳಿಸುವುದಿಲ್ಲ, ಉಳಿದರ್ಧಕ್ಕೆ "ಹ್ಞೂಂ, ಆತಾತು" ಎಂದು ಇಟ್ಟುಬಿಡುತ್ತೀ. ಇದು ಹ್ಞೂಂ ಎಂದು ಮುಗಿಸುವ ಮಾತಲ್ಲ, ಅದಕ್ಕೇ ಕಾಗದ.

ಮಾತು ಆ ಕೋಳಿಯದು. ಹೋದ ವರ್ಷ ನನ್ನ ಗರ್ಭಕೋಶದ ಆಪರೇಷನ್ ಆದಾಗ ನೀನು ದವಾಖಾನೆಯ ಹೊರಗೆ ನಿಂತು, "ನನ್ನ ತಂಗಿ ಎದ್ದು ಕುಂತ್ರ ನಿನಗೊಂದು ಕೋಳಿ ಕೊಡ್ತೀನಿ ತಾಯಿ, ಆಕಿ ಕೈಯಾಗ ಬೆಳೆದದ್ದ ಕೊಡ್ತೀನಿ" ಎಂದು ಹರಕೆ ಹೊತ್ತೆ. ನಾನು ಎದ್ದು ಕುಳಿತೆ. ಸಂಕ್ರಾಂತಿಗೆ ಬಂದಾಗ ಕರಿ ಮರಿಯೊಂದನ್ನು ತಂದು ನನ್ನ ಉಡಿಯಲ್ಲಿ ಹಾಕಿ, "ದೇವರ ಪಾಲಿಂದು, ಹೆಸರಿಡಬ್ಯಾಡ" ಎಂದೆ. ಇಟ್ಟಿಲ್ಲ. ಕರೆಯುವಾಗ "ಬಾರೇ ತಂಗಿ" ಎನ್ನುತ್ತೇನೆ, ಅದನ್ನು ಹೆಸರು ಅನ್ನಲಾಗದು. ಪೂಜೆಗೆ ಕುಳಿತರೆ ನನ್ನ ತೊಡೆಯ ಪಕ್ಕ ಬಂದು ಕಾಲು ಮಡಚಿ ಕೂರುತ್ತದೆ, ಮಂಗಳಾರತಿ ಆಗುವವರೆಗೆ ಅಕ್ಷತೆಗೆ ಬಾಯಿ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಅಷ್ಟು ತಾಳ್ಮೆ ಇರುವುದು ಅದಕ್ಕೊಂದಕ್ಕೇ.

ಈ ತಿಂಗಳ ಮೊದಲಿಗೆ ಅದಕ್ಕೆ ಜಡ್ಡು ಬಂತು. ಒಂದು ಕಣ್ಣು ಬಾತು ಮುಚ್ಚಿಹೋಯಿತು, ಮೂಗಿನಲ್ಲಿ ಸುರಿತ, ಉಸಿರಾಡಿದರೆ ಗಂಟಲಲ್ಲಿ ಗೊರಗೊರ. ಜೋಳ ಮುಟ್ಟಲಿಲ್ಲ. ಬೆಳ್ಳುಳ್ಳಿ, ಅರಿಶಿನ ಅರೆದು ಕುಡಿಸಿದೆ, ತಗ್ಗಲಿಲ್ಲ. ಭಾಗ್ಯಶ್ರೀ ಅಪ್ಪ ನೋಡಿ, "ಜಡ್ಡಿಂದು ದೇವರಿಗೆ ನಡೆಯಂಗಿಲ್ಲ. ಬಜಾರದಾಗ ಬ್ಯಾರೆ ತಂದ್ರಾತು" ಎಂದರು. ನನ್ನ ಕೈಯಲ್ಲಿ ಬೆಳೆದದ್ದು ಎಂದು ನೀನು ಮಾತು ಕೊಟ್ಟಿದ್ದೀ, ಬಜಾರದ ಕೋಳಿ ಯಾರ ಕೈಯಲ್ಲಿ ಬೆಳೆದಿರುತ್ತದೆ? ಪಕ್ಕದ ಮನೆಯ ಗೋದಾಬಾಯಿ ಬಂದು ರೆಕ್ಕೆ ಎತ್ತಿ ಎದೆ ಹಿಚುಕಿ ನೋಡಿ, "ಇವತ್ತ ಕೊಯ್ರಿ ಬಾಯಿ, ನಾಳಿಗಿ ಸತ್ರ ಸಾರಿಗೂ ಬರಂಗಿಲ್ಲ" ಎಂದಳು. ಜಡ್ಡಿನವರನ್ನು ನೋಡಲು ಬಂದು ಆಡುವ ಮಾತೇ ಇದು? ನಾನು ಆಪರೇಷನ್ ಆಗಿ ಮಲಗಿದ್ದಾಗಲೂ ಆಕೆ ಬಂದು ನೋಡಿ ಹೋಗಿದ್ದಳು. ಆಗ ಮನಸ್ಸಿನಲ್ಲಿ ಏನು ಅಂದುಕೊಂಡಳೋ ಎಂದು ಈಗ ಅನಿಸುತ್ತದೆ.

ಅಣ್ಣಾ, ನಮ್ಮ ಓಣಿಯ ಸುತ್ತ ಎಲ್ಲ ಔಷಧಿ ಫ್ಯಾಕ್ಟರಿಗಳೇ. ಒಗೆದ ಬಟ್ಟೆಗೂ ಅದೇ ವಾಸನೆ. ಇಲ್ಲಿಂದ ದೇಶಕ್ಕೆಲ್ಲ ಲಾರಿ ಹೋಗುತ್ತವೆ, ಒಂದು ಕೋಳಿಯ ಬಾಯಿಗೆ ಹನಿ ಹಾಕುವವರಿಲ್ಲ. ಮೆಡಿಕಲ್ ಅಂಗಡಿಯವನು ಮನುಷ್ಯರದು ಬಿಟ್ಟು ಬೇರೆ ಮಾರುವುದಿಲ್ಲ ಎಂದ. ಭಾಗ್ಯಶ್ರೀ ಕೊಂಡಾಪುರದ ಆಫೀಸಿನಲ್ಲಿ ಕಸ ಗುಡಿಸಿ ಒರೆಸುವ ಕೆಲಸ ಮಾಡುತ್ತಾಳಲ್ಲ, ಅಲ್ಲೊಂದು ಪ್ರಾಣಿಗಳ ದೊಡ್ಡ ಆಸ್ಪತ್ರೆ ಇದೆ ಎಂದಳು. ಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿದೆ. ಇಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಬುಟ್ಟಿ ಇಣುಕಿ ಕೋಳಿಗೆ ಟಿಕೆಟ್ ಹರಿದ. "ಇದೂ ಹೆಣ್ಣೇ ಐತಲ್ಲಪ್ಪಾ" ಎಂದೆ. ಬಸ್ಸಿನವರೆಲ್ಲ ನಕ್ಕರು, ಟಿಕೆಟ್ ಮಾತ್ರ ಬಿಡಲಿಲ್ಲ. ಆದರೂ ಆ ಕಂಡಕ್ಟರನೇ ವಾಸಿ, ಅದನ್ನೂ ಒಬ್ಬ ಪ್ರಯಾಣಿಕಳೆಂದು ಲೆಕ್ಕ ಹಿಡಿದ. ಕೊಂಡಾಪುರದ ಆಸ್ಪತ್ರೆಯಲ್ಲಿ ನಾಯಿಗಳಿಗೆ ಮೆತ್ತನೆಯ ಹಾಸಿಗೆ, ತಣ್ಣನೆಯ ಗಾಳಿ. ಕಂಪ್ಯೂಟರ್ ಮುಂದಿನ ಹುಡುಗಿ ಹೆಸರು ಕೇಳಿದಳು. "ಹೆಸರಿಲ್ಲ ತಾಯಿ, ಕೋಳಿ" ಎಂದೆ. ಅವಳು ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ, "ಆಂಟಿ, ಇದರಲ್ಲಿ ಕೋಳಿ ಬರೋದೇ ಇಲ್ಲ" ಎಂದು ಬುಟ್ಟಿ ಹೊರಗಿಡಲು ಹೇಳಿದಳು. ಒಂದು ನಾಯಿ ಹಾಸಿಗೆಯ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಅದಕ್ಕೆ ಏನು ಜಡ್ಡೋ, ಪಾಪ, ಅದರ ಮೇಲೆ ನನಗೆ ಸಿಟ್ಟಿಲ್ಲ.

ಮರುದಿನ ಸರ್ಕಾರಿ ದನದ ದವಾಖಾನೆಗೆ ಹೋದೆ. ಕಂಪೌಂಡರ್ ರಿಜಿಸ್ಟರ್ ತೆಗೆದು ಎಷ್ಟು ಸಾವಿರ ಕೋಳಿ ಎಂದು ಕೇಳಿದ. ಒಂದು ಎಂದೆ. ಪೆನ್ನು ಕೆಳಗಿಟ್ಟು, "ಒಂದಕ್ಕೆ ಚೀಟಿ ಯಾಕಮ್ಮಾ, ಕೂರ ಒಂಡುಕೋ" ಎಂದ. ಸಾರು ಮಾಡಿಕೋ ಎಂದು ಅದರ ಅರ್ಥ, ಅಷ್ಟು ತೆಲುಗು ನನಗೆ ಬರುತ್ತದೆ. ನಾನು ಬಾಗಿಲ ಮುಂದೆ ಕುಳಿತುಬಿಟ್ಟೆ. ನಾಲ್ಕು ಎಮ್ಮೆ, ಒಂದು ಕರು, ಆಡುಗಳ ಒಂದು ಹಿಂಡು ಬಂದು ಹೋದವು. ಕಡೆಗೆ ಡಾಕ್ಟರ್ ಊಟಕ್ಕೆ ಹೊರಟವಳು ಬುಟ್ಟಿಗೆ ಎಡವಿದಳು. ಪ್ರಾಜಕ್ತಾ ಎಂದು ಹೆಸರು, ಬೀದರ ಕಡೆಯ ಹುಡುಗಿ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಕೊಕ್ಕು ಬಿಡಿಸಿ ನೋಡಿ, ಕಣ್ಣು ತೊಳೆದು ಚೀಟಿ ಬರೆದಳು. "ನೆಗಡಿ ಎದಿಗಿಳದದ ಬಾಯಿ. ಐದ ದಿನ ಹಾಕ್ರಿ, ಹೆಚ್ಚ ಹಾಕಬ್ಯಾಡ್ರಿ, ಒಳಗ ಸುಡತದ. ಕಡೀ ಹನಿ ಹಾಕಿದ ಮ್ಯಾಲೆ ಹದಿನೈದ ದಿನ ಇದರ ತತ್ತಿ, ಮಾಂಸ ಯಾರೂ ತಿನ್ನಬಾರದ್ರಿ" ಎಂದಳು. ಆ ಔಷಧಿಯೂ ಫಾರಂ ಕೋಳಿಗಳ ಲೆಕ್ಕದ ದೊಡ್ಡ ಬಾಟಲಿಯಲ್ಲೇ ಸಿಗುವುದು. ಸೆರಗಿನಲ್ಲಿ ಸುತ್ತಿ ಹಿಡಿದು, ಕೊಕ್ಕು ಬಿಡಿಸಿ ಹನಿ ಹನಿಯಾಗಿ ಕುಡಿಸಿದ್ದೇನೆ.

ಈಗ ನನ್ನ ಬೇಡಿಕೆ ಇಷ್ಟು. ನಿನ್ನೆ ಕೂಡ ಹನಿ ಹಾಕಿದ್ದೇನೆ. ನೀನು ಹರಕೆಗೆ ಗೊತ್ತು ಮಾಡಿದ ಅಮಾವಾಸ್ಯೆಗೆ ಇನ್ನು ಹನ್ನೆರಡೇ ದಿನ. ಕೊಯ್ದರೆ ನಿಮ್ಮ ಓಣಿಯ ಮಕ್ಕಳೆಲ್ಲ ಪ್ರಸಾದವೆಂದು ಉಣ್ಣುತ್ತಾರೆ, ಔಷಧಿ ಕುಡಿದದ್ದನ್ನು ಅವರ ಎಲೆಗೆ ಹಾಕಲಾಗದು. ಅಮಾವಾಸ್ಯೆ ದಾಟಿದರೆ ಶ್ರಾವಣ, ನಮ್ಮೂರಲ್ಲಿ ಆ ತಿಂಗಳು ಯಾರೂ ಕೊಯ್ಯುವುದಿಲ್ಲ. ಆದ್ದರಿಂದ ಹರಕೆಯನ್ನು ಶ್ರಾವಣ ಕಳೆಯುವವರೆಗೆ ಮುಂದಕ್ಕೆ ಹಾಕು. ತಪ್ಪಾಯಿತೆಂದು ತಾಯಿಗೆ ಕಾಯಿ ಒಡೆಸು.

ಅತ್ತಿಗೆಗೆ ನನ್ನ ಶರಣು ಹೇಳು. ನಿನ್ನ ಮಗಳು ರೇಣುಕಾಳ ಬಾಣಂತನ ಸುಸೂತ್ರವಾಗಲಿ, ನಿಮ್ಮೆಲ್ಲರ ಮೇಲೂ ತಾಯಿಯ ಕಣ್ಣಿರಲಿ.

ನಿನ್ನ ತಂಗಿ,
ಸುಗಲಮ್ಮ

ಅಣ್ಣಾ, ಕಾಗದ ಮಡಚಿ ಮತ್ತೆ ಬಿಚ್ಚಿದೆ. ಉಪವಾಸದ ದಿನ ದೀಪದ ಮುಂದೆ ಕುಳಿತು ಅರ್ಧ ಮುಚ್ಚಿಟ್ಟು ಬರೆದಿದ್ದೇನೆ. ಐದು ದಿನದ ಔಷಧಿ ಮುಗಿದು ವಾರವಾಯಿತು. ಕೋಳಿಗೆ ವಾಸಿಯಾಗಿದೆ, ಎರಡೂ ಕಣ್ಣು ತೆರೆದಿದೆ, ಮೊನ್ನೆ ಮೊದಲ ತತ್ತಿ ಇಟ್ಟಿತು. ಅಮಾವಾಸ್ಯೆಯೊಳಗೆ ಹದಿನೈದು ದಿನದ ಲೆಕ್ಕ ಸರಿಯಾಗಿ ಮುಗಿದುಹೋಗುತ್ತಿತ್ತು. ಬೆರಳು ಮಡಚಿ ಎಣಿಸಿ ನೋಡಿ, ನಿನ್ನೆ ನಾನೇ ಮತ್ತೊಂದು ಹನಿ ಹಾಕಿದೆ, ಲೆಕ್ಕ ಆಚೆ ಹೋಗಲೆಂದು. ಕೊಯ್ಯಿರಿ ಎಂದವರನ್ನೆಲ್ಲ ಮೇಲೆ ಬೈದಿದ್ದೇನೆ. ಅವರು ಇವತ್ತು ಕೊಯ್ಯಿ ಎಂದರು, ನಾನು ಅಮಾವಾಸ್ಯೆಗೆ ಎಂದಿದ್ದೆ, ಅಷ್ಟೇ. ಶ್ರಾವಣ ಕಳೆದ ಮೇಲೆ ಮತ್ತೊಂದು ಹನಿ, ಅದರಾಚೆ ಇನ್ನೊಂದು ಎಂದು ಹಾಕುತ್ತ ಹೋದರೆ ಔಷಧಿಯೇ ಅದರ ಜೀವ ತೆಗೆಯುತ್ತದೆ. ಹರಕೆ ಹೊತ್ತವನು ನೀನು, ಬಿಡಿಸಬೇಕಾದವನೂ ನೀನೇ. ಕೋಳಿಯ ಬದಲು ನಾನು ಬಂದು ಗುಡಿಯ ಸುತ್ತ ದೀಡ ನಮಸ್ಕಾರ ಹಾಕುತ್ತೇನೆ, ಹೊಲಿಗೆ ಹಾಕಿದ ಹೊಟ್ಟೆ ನೆಲಕ್ಕೆ ತಾಗಿದರೂ ಚಿಂತೆಯಿಲ್ಲ. ತಾಯಿ ಒಪ್ಪುತ್ತಾಳೋ ಇಲ್ಲವೋ ಪೂಜಾರಿಯನ್ನು ಕೇಳಿ ನಿನ್ನ ಕೈಯಿಂದಲೇ ಬರೆ, ಫೋನಿನಲ್ಲಿ ಬೇಡ. ನಿನ್ನ ಮಗ ಕಾಶಿನಾಥ ಶುಕ್ರವಾರ ತೊಗರಿಬೇಳೆ ಹೇರಿಕೊಂಡು ಬೇಗಂ ಬಜಾರಿಗೆ ಬರುತ್ತಾನಲ್ಲ, ಅವನ ಕೈಗೆ ಕೊಡು. ಭಾಗ್ಯಶ್ರೀಗೆ ರಜೆ ಹಾಕಿಸುತ್ತೇನೆ, ಅವಳು ಹೋಗಿ ಇಸಿದುಕೊಂಡು ಬರಲಿ.